ದ್ಯಾಮಣ್ಣನ ಬೋಟಿನ ನಡುಕ

ಶಕುನ, ಸೂಚನೆ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಎದ್ದು ಹೋಗಲು ಆಗದ ಕಡೆ, ಅಂದರೆ ಬಸ್ಸಿನಲ್ಲೋ ಬೀಗರ ಮನೆಯ ಊಟದ ಪಂಕ್ತಿಯಲ್ಲೋ, ಜೋರಾಗಿ ನಕ್ಕುಬಿಡುತ್ತಿದ್ದೆ. ಹೇಳುವವರು ಅರ್ಧಕ್ಕೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಇದನ್ನು ಸೊಕ್ಕು ಎಂದು ಕರೆಯುತ್ತಿದ್ದಳು. ಇದ್ದರೂ ಇರಬಹುದು. ಈಗ ಅದೇ ಬಾಯಿಂದ ನಾನು ಹೇಳಹೊರಟಿರುವುದನ್ನು ಕೇಳಿ ನೀವು ನಕ್ಕರೆ ನನಗೆ ಸಿಟ್ಟು ಬರುವುದಿಲ್ಲ.

ನಾನು ಕಲಘಟಗಿಯಲ್ಲಿ ಬಹಳ ವರ್ಷ ಗ್ಯಾರೇಜು ನಡೆಸಿದವನು. ಲಾರಿ, ಟ್ರ್ಯಾಕ್ಟರು, ಹೊಲದ ಡೀಸೆಲ್ ಪಂಪು, ಹಿಟ್ಟಿನ ಗಿರಣಿ, ಏನು ಬಂದರೂ ಬಿಚ್ಚುತ್ತಿದ್ದೆ. ಅದರಲ್ಲೂ ಲಾರಿಯ ಶಾಫ್ಟು ನಡುಗುತ್ತಿದೆ ಎಂದರೆ ಸುತ್ತಲಿನ ಡ್ರೈವರುಗಳು ನನ್ನಲ್ಲಿಗೇ ಬರುತ್ತಿದ್ದರು. ಯಂತ್ರ ಕಾರಣವಿಲ್ಲದೆ ನಡುಗುವುದಿಲ್ಲ, ಕಾರಣ ಸಿಗದಿದ್ದರೆ ತಪ್ಪು ಹುಡುಕುವವನದು ಎಂಬುದು ನನ್ನ ನಂಬಿಕೆಯಾಗಿತ್ತು. ಹುಬ್ಬಳ್ಳಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದ ಒಂದು ಉಪಾಯ ಹೇಳಿಕೊಟ್ಟಿದ್ದ. ಗಂಗಾಳದಲ್ಲಿ, ಅಂದರೆ ಅಂಚಿರುವ ಊಟದ ತಟ್ಟೆಯಲ್ಲಿ, ಎರಡು ಬೆರಳು ನೀರು ಹಾಕಿ ಗೇರ್ ಬಾಕ್ಸಿನ ಮೇಲೆ ಇಡಬೇಕು. ಇಂಜಿನ್ ಓಡುವಾಗ ನೀರಿನ ಮೇಲೆ ಸಣ್ಣ ಸುಕ್ಕು ಇದ್ದೇ ಇರುತ್ತದೆ. ಶಾಫ್ಟಿನಲ್ಲಿ ದೋಷವಿದ್ದರೆ ಮಾತ್ರ ನಡುವಿನಿಂದ ದಪ್ಪ ಬಳೆಗಳು ಎದ್ದು ಅಂಚಿಗೆ ಬಡಿದು ನೀರು ಹೊರಗೆ ಹಾರುತ್ತದೆ. ಕೈಗೆ, ಕಿವಿಗೆ ಭ್ರಮೆಯಾಗಬಹುದು, ನೀರಿಗೆ ಆಗುವುದಿಲ್ಲ ಎನ್ನುತ್ತಿದ್ದ. ಮನೆಯ ಹಿತ್ತಾಳೆ ಗಂಗಾಳವೊಂದನ್ನು ನಾನು ಇದಕ್ಕಾಗಿಯೇ ಎತ್ತಿಕೊಂಡು ಬಂದು ಹೆಂಡತಿಯಿಂದ ಬೈಸಿಕೊಂಡಿದ್ದೆ.

ಎಂಬತ್ತರ ದಶಕದ ನಡುವಿನ ಮಾತು. ಸೀಗಿ ಹುಣ್ಣಿಮೆಗೆ ಇನ್ನು ಎರಡು ದಿನವಿತ್ತು. ದುಮ್ಮವಾಡದ ಆಚೆ ಒಂದು ದೊಡ್ಡ ಕೆರೆ, ಆ ವರ್ಷ ಮಳೆ ಚೆನ್ನಾಗಿ ಬಿದ್ದು ಕಟ್ಟೆಯ ತನಕ ನೀರು. ಕೆರೆಯ ಕಚೇರಿಯಲ್ಲಿ ಒಂದು ಮರದ ಮೋಟಾರು ಬೋಟಿತ್ತು. ಕೆರೆಯ ನೀರು ಹೊರಗೆ ಬಿಡಲು ನಡುವೆ ಕಟ್ಟಿದ್ದ ಗೋಪುರದ ಜಾಳಿಗೆಗೆ ಸಿಕ್ಕ ಕಸ ತೆಗೆಯಲು ಆಳುಗಳನ್ನು ಒಯ್ಯುವುದು ಅದರ ಕೆಲಸ. ಆದರೆ ಆಚೆ ದಂಡೆಯಲ್ಲಿ ಹೊಲವಿದ್ದವರನ್ನು ಅದರಲ್ಲೇ ದಾಟಿಸುವುದೂ ರೂಢಿಯಾಗಿಹೋಗಿತ್ತು. ಹುಣ್ಣಿಮೆಯ ದಿನವಂತೂ ಹೆಂಗಸರು ಮಕ್ಕಳೆಲ್ಲ ಬುಟ್ಟಿಗಳಲ್ಲಿ ಕಡುಬು, ಹೋಳಿಗೆ, ರೊಟ್ಟಿ ಹೊತ್ತು ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಾರೆ. ಮೊದಲು ಭೂಮಿಗೆ ಉಣ್ಣಿಸಿ ಆಮೇಲೆ ತಾವು ಉಣ್ಣುವ ಹಬ್ಬ ಅದು. ಅಂಥ ಹೊತ್ತಿನಲ್ಲಿ ಬೋಟು ನಡುಗತೊಡಗಿತ್ತು. ಬೋಟಿನ ಕೆಲಸ ಬಲ್ಲವರು ನಮ್ಮ ಕಡೆ ಯಾರಿದ್ದಾರೆ? ನನಗೆ ಹೇಳಿಕಳುಹಿಸಿದರು. ನಾನೂ ಜಂಬದಿಂದ ಹೊರಟೆ.

ಬೋಟು ನಡೆಸುತ್ತಿದ್ದವನು ದ್ಯಾಮಣ್ಣ. ನಲವತ್ತು ದಾಟಿದ್ದ, ಒಣಗಿದ ಕಡ್ಡಿಯಂಥ ಮನುಷ್ಯ. ಹತ್ತು ಹನ್ನೆರಡು ವರ್ಷದಿಂದ ದಿನಗೂಲಿಯ ಮೇಲೆ ಆ ಬೋಟನ್ನು ನಡೆಸಿದ್ದ. ಅವನನ್ನು ಕಾಯಂ ಮಾಡುವ ಕಾಗದ ಆ ತಿಂಗಳು ಕೆರೆಯ ಕಚೇರಿಯ ಸಾಹೇಬರ ಮೇಜಿನ ಮೇಲೆ ಬಂದು ಕೂತಿತ್ತು. ಸಾಹೇಬರು ಕೆಟ್ಟವರಲ್ಲ, ಆದರೆ ಅವಸರದ ಮನುಷ್ಯ. ನಾನು ಹೋದ ಕೂಡಲೇ ದ್ಯಾಮಣ್ಣನ ಎದುರಿಗೇ ಹೇಳಿದರು.

"ಇಂವ ಎಲ್ಲೋ ಕಲ್ಲಿಗೆ ಬಡದಾನ. ಬಾಯಿ ಬಿಡವಲ್ಲ. ನೀವು ನೋಡಿ ಏನಾಗೈತಿ ಅಂತ ಬೋಟಿನ ಪುಸ್ತಕದಾಗ ಬರದು ಸಹಿ ಮಾಡ್ರಿ. ಇವನ ತಪ್ಪಿದ್ರ ಇವನ ಕಾಗದ ವಾಪಸ್ ಕಳಸತೀನಿ. ನಾಳಿ ಸಂಜಿ ಒಳಗ ಹೇಳ್ರಿ, ನಾಡದ ಹುಣ್ಣಿವಿ ಐತಿ."

ಸಾಹೇಬರು ಹೋದ ಮೇಲೆ ದ್ಯಾಮಣ್ಣ ನನ್ನ ಚೀಲ ಹೊತ್ತುಕೊಂಡು ದಂಡೆಗೆ ಇಳಿಯುತ್ತ ಹೇಳಿದ, "ಮಿಸ್ತ್ರಿ, ಕಲ್ಲಿಗೆ ಬಡದಿಲ್ರಿ. ನನ್ನ ಮಕ್ಕಳ ಆಣಿ. ಒಮ್ಮಿಂದೊಮ್ಮೆಲೆ ಶುರು ಆತ್ರಿ, ಹೋದ ವಾರ."

ಅವನನ್ನು ನಂಬಬೇಕೆಂದೇನೂ ನನಗಿರಲಿಲ್ಲ. ಪ್ರತಿಯೊಬ್ಬ ಡ್ರೈವರನೂ ಒಮ್ಮಿಂದೊಮ್ಮೆಲೆ ಎಂದೇ ಹೇಳುತ್ತಾನೆ. ಬೋಟನ್ನು ದಂಡೆಗೆ ಎಳೆಸಿ ಕಲ್ಲಿನ ಮೇಲೆ ಕೂಡಿಸಿದೆವು. ಅದರ ಕಟ್ಟಣಿಕೆ ಸರಳ. ನಡುವೆ ಡೀಸೆಲ್ ಇಂಜಿನ್, ಅದಕ್ಕೆ ಗೇರ್ ಬಾಕ್ಸು, ಅಲ್ಲಿಂದ ಒಂದು ಉಕ್ಕಿನ ಶಾಫ್ಟು ಬೋಟಿನ ಹಿಂಬದಿಯ ಕೊಳವೆಯೊಳಗಿಂದ ಹಾದು ನೀರಿಗೆ ಹೋಗುತ್ತದೆ. ಅದರ ತುದಿಗೆ ಮೂರು ಎಲೆಯ ಹಿತ್ತಾಳೆ ಪ್ರೊಪೆಲ್ಲರು, ದ್ಯಾಮಣ್ಣನ ಬಾಯಲ್ಲಿ ಫ್ಯಾನು. ಇಂಜಿನ್ ಮತ್ತು ಶಾಫ್ಟು ಕೂಡುವಲ್ಲಿ ಎರಡು ದುಂಡು ಬಿಲ್ಲೆಗಳ ಕಪ್ಲಿಂಗು. ಲಾರಿಯ ಕೆಲಸ ಬಲ್ಲವನಿಗೆ ಇದು ಮಕ್ಕಳಾಟ ಎಂದುಕೊಂಡೆ.

ಮೊದಲು ಫ್ಯಾನಿನ ಎಲೆಗಳನ್ನು ತಗಡಿನ ಅಚ್ಚು ಕತ್ತರಿಸಿ ಅಳೆದೆ. ಒಂದಕ್ಕೊಂದು ಕೂದಲಿನಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಕಲ್ಲಿಗೆ ಬಡಿದ ಗುರುತೇ ಇಲ್ಲ. ಶಾಫ್ಟಿನ ಪಕ್ಕ ಮೊಳೆ ನಿಲ್ಲಿಸಿ ಕೈಯಿಂದ ನಿಧಾನ ತಿರುಗಿಸಿದೆ. ಬಾಗಿದ್ದರೆ ಮೊಳೆಗೂ ಶಾಫ್ಟಿಗೂ ನಡುವಿನ ಸಂದು ಹಿಗ್ಗಿ ಕುಗ್ಗಬೇಕು. ಹಿಗ್ಗಲಿಲ್ಲ, ಕುಗ್ಗಲಿಲ್ಲ. ಹಿಂದಿನ ಬೇರಿಂಗು ಬಿಗಿಯಾಗಿತ್ತು. ಇಂಜಿನ್ ಕೂತಿದ್ದ ಸಾಗವಾನಿ ದಿಮ್ಮಿಯನ್ನು ಯಾರೋ ತೊಟ್ಟಿಲು ಮಾಡುವ ಬಡಿಗರು ಮಾಡಿದ್ದರಂತೆ, ಅದೂ ಗಟ್ಟಿ. ಕೊನೆಗೆ ಕಪ್ಲಿಂಗಿನ ಬಿಲ್ಲೆಗಳ ನಡುವೆ ತೆಳು ಪಟ್ಟಿ ಹಾಕಿ ನೋಡಿದರೆ ಒಂದು ಕಡೆ ಸಂದು ಸ್ವಲ್ಪ ಹೆಚ್ಚಿತ್ತು. ಸಿಕ್ಕಿತು ಕಳ್ಳ ಎಂದು ಇಂಜಿನ್ನಿನ ಕಾಲಡಿ ತಗಡಿನ ಪ್ಯಾಕಿಂಗ್ ಕೊಟ್ಟು ಎರಡೂ ಬಿಲ್ಲೆ ಒಂದೇ ಸಮ ಕೂಡುವಂತೆ ಮಾಡಿದೆ. ಬೋಟನ್ನು ನೀರಿಗೆ ತಳ್ಳಿ ಇಂಜಿನ್ ಹಚ್ಚಿದರೆ ಮೊದಲಿಗಿಂತ ಜೋರು ನಡುಕ. ಗಂಗಾಳದ ನೀರು ನನ್ನ ಅಂಗಿಯ ಮೇಲೆ ಹಾರಿತು.

ಕೆರೆಯ ವಾಚಮನ್ ಮುದಕಪ್ಪ ದಂಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. "ಮಿಸ್ತ್ರಿ, ಬ್ಯಾನಿ ಸಣ್ಣದಿತ್ತು, ನೀವು ಬಂದು ದೊಡ್ಡದು ಮಾಡಿದ್ರಿ" ಎಂದ. ಮೈ ಉರಿಯಿತು. ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡ ಮೇಲೆ ನನ್ನ ತಪ್ಪು ಹೊಳೆಯಿತು. ಅದು ಲಾರಿ ಮಿಸ್ತ್ರಿ ಮಾತ್ರ ಮಾಡುವ ತಪ್ಪು. ಲಾರಿಯ ಕಬ್ಬಿಣದ ಚಾಸಿ ಎಲ್ಲಿ ನಿಂತರೂ ಒಂದೇ ಆಕಾರ. ಮರದ ಬೋಟು ಹಾಗಲ್ಲ. ಕಲ್ಲಿನ ಮೇಲೆ ಕೂತಾಗ ಅದರ ಹೊಟ್ಟೆ ಒಂದು ರೀತಿ ಇರುತ್ತದೆ, ನೀರಿನ ಮೇಲೆ ತೇಲುವಾಗ ಇನ್ನೊಂದು ರೀತಿ. ನೆಲದ ಮೇಲೆ ಸಮ ಮಾಡಿದ ಕಪ್ಲಿಂಗು ನೀರಿಗಿಳಿದ ಕೂಡಲೇ ವಾರೆಯಾಗಿತ್ತು. ಸೊಂಟದವರೆಗಿನ ನೀರಿನಲ್ಲಿ ಬೋಟನ್ನು ಹಗ್ಗ ಕಟ್ಟಿ ನಿಲ್ಲಿಸಿ, ತೇಲುತ್ತಿರುವಾಗಲೇ ಪ್ಯಾಕಿಂಗ್ ಬದಲಿಸಿ ಮತ್ತೆ ಎಲ್ಲ ಸಮ ಮಾಡಿದೆ. ಅಷ್ಟರಲ್ಲಿ ದ್ಯಾಮಣ್ಣ ಊಟಕ್ಕೆಂದು ಮನೆಗೆ ಹೋಗಿದ್ದ. ನಾನೂ ಮುದಕಪ್ಪನೂ ಹತ್ತಿ ಗೋಪುರದ ತನಕ ಹೋಗಿ ಬಂದೆವು. ಎಣ್ಣೆಯಲ್ಲಿ ಜಾರಿದ ಹಾಗೆ ಹೋಯಿತು. ಗಂಗಾಳದಲ್ಲಿ ಸಣ್ಣ ಸುಕ್ಕು ಬಿಟ್ಟರೆ ಏನೂ ಇಲ್ಲ. ಮುದಕಪ್ಪನಿಗೆ ನಾನೇ ಬೀಡಿ ಕೊಡಿಸಿದೆ.

ದ್ಯಾಮಣ್ಣ ಓಡುತ್ತ ಬಂದ. ಅವನ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಸರಿ ಆತೇನ್ರಿ?" ಎನ್ನುತ್ತ ನೀರಿಗಿಳಿದು ಬೋಟು ಹತ್ತಿ ಚುಕ್ಕಾಣಿ ಹಿಡಿದ. ಇಂಜಿನ್ ಓಡುತ್ತಲೇ ಇತ್ತು. ನಾನು ಗೇರು ಹಾಕಿದೆ. ಶಾಫ್ಟು ತಿರುಗಿದ ಕೂಡಲೇ ಕಾಲ ಕೆಳಗಿನ ಹಲಗೆಗಳು ಕಟಕಟ ಹಲ್ಲು ಕಡಿದವು. ಗಂಗಾಳದ ನಡುವಿನಿಂದ ಬಳೆಗಳು ಎದ್ದು ನೀರು ನಾಲ್ಕೂ ಕಡೆ ಚೆಲ್ಲಿತು.

ಗೇರು ತೆಗೆದು ಕಪ್ಲಿಂಗು ಮುಟ್ಟಿ ನೋಡಿದೆ. ಬೋಲ್ಟುಗಳು ಬಿಗಿಯಾಗಿದ್ದವು, ಸಂದು ಸಮವಾಗಿತ್ತು. ಅವನ ತೂಕಕ್ಕೆ ಬೋಟಿನ ಹಿಂಬದಿ ತಗ್ಗಿ ಮತ್ತೆ ವಾರೆಯಾಗಿರಬೇಕು ಎಂದುಕೊಂಡು ಅವನನ್ನು ಮುಂಬದಿಗೆ ಕೂಡಿಸಿ ನಾನೇ ಚುಕ್ಕಾಣಿ ಹಿಡಿದೆ. ನಡುಗಿತು. ನಡುವೆ ಕೂಡಿಸಿದೆ. ನಡುಗಿತು. ಅವನನ್ನು ಇಳಿಸಿ ಅದೇ ಜಾಗದಲ್ಲಿ ಮುದಕಪ್ಪನನ್ನು ಕೂಡಿಸಿದೆ. ಮುದಕಪ್ಪ ಅವನಿಗಿಂತ ದಪ್ಪ, ಆದರೂ ಬೋಟು ನೆಟ್ಟಗೆ ಹೋಯಿತು. ಸಂಜೆಯಾಗಿತ್ತು. ನಾಳೆ ನೋಡೋಣ ಎಂದು ಬಂದುಬಿಟ್ಟೆ. ಅಂದು ರಾತ್ರಿ ಊಟ ಸೇರಲಿಲ್ಲ. ಹೆದರಿಕೆಯಿಂದಲ್ಲ, ಅವಮಾನದಿಂದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ದಾರಿಯಲ್ಲಿ ಯೋಚಿಸಿದ್ದಂತೆ, ಅಂಗಡಿಯ ತಕ್ಕಡಿಯಲ್ಲಿ ದ್ಯಾಮಣ್ಣನನ್ನು ತೂಗಿಸಿದೆ. ಅಷ್ಟೇ ತೂಕದ ಉಸುಕು ತುಂಬಿದ ಚೀಲಗಳನ್ನು ಅವನು ಕೂರುವ ಜಾಗದಲ್ಲಿ ಇಟ್ಟು ಕೆರೆಯನ್ನು ಒಂದು ಸುತ್ತು ಹಾಕಿಸಿದೆ. ನಡುಕವಿಲ್ಲ. ಚೀಲ ಇಳಿಸಿ ಅವನನ್ನು ಹತ್ತಿಸಿದೆ. ನಡುಕ. ಅವನ ಅಂಗಿ ಧೋತರ ಬಿಟ್ಟು ಮೈಮೇಲೆ ಕಬ್ಬಿಣದ ತುಂಡು, ತಾಯತ, ಉಡದಾರ ಏನೇನಿದೆ ಎಂದೆಲ್ಲ ಕೇಳಿದೆ. ಉಡದಾರ ಒಂದೇ. ಅದನ್ನೂ ತೆಗೆಸಿದೆ. ನಡುಕ ಹೋಗಲಿಲ್ಲ. ಇಂಜಿನ್ನಿನ ವೇಗ ಪ್ರತಿ ಸಲವೂ ಒಂದೇ ಇರುವಂತೆ ಎಕ್ಸಲರೇಟರಿನ ತಂತಿಯನ್ನು ನಾನೇ ಕಟ್ಟಿಹಾಕಿದ್ದೆ.

ಒಂದು ಹಂತದಲ್ಲಿ ನನಗೆ ನಗು ಬಂತು. "ದ್ಯಾಮಣ್ಣಾ, ನಿಮ್ಮನ್ನ ಕಂಡ್ರ ಬೋಟ್ ಅಂಜತೈತಿ ನೋಡ್ರಿ. ಮನ್ಯಾಗೂ ಹಿಂಗ ಅಂಜಸತೀರೇನು?" ಎಂದೆ. ಮುದಕಪ್ಪ ನಕ್ಕ. ದ್ಯಾಮಣ್ಣ ನಗಲಿಲ್ಲ. ಬೋಟಿನಿಂದ ಇಳಿದು ಮೊಳಕಾಲುದ್ದ ನೀರಿನಲ್ಲಿ ನಿಂತ. ಇಂಜಿನ್ ಓಡುತ್ತಿತ್ತು, ಬೋಟು ಎರಡು ಕಡೆ ಗೂಟಕ್ಕೆ ಕಟ್ಟಿತ್ತು, ಗೇರು ಹಾಕಿಯೇ ಇತ್ತು, ಗಂಗಾಳದಲ್ಲಿ ಸಣ್ಣ ಸುಕ್ಕು ಮಾತ್ರ. ಅವನು ಏನೋ ಯೋಚಿಸಿದವನಂತೆ ಬಲಗೈ ಚಾಚಿ ಬೋಟಿನ ಅಂಚಿನ ಮೇಲೆ ಅಂಗೈ ಇಟ್ಟ.

ಗಂಗಾಳದ ನಡುವೆ ಬಳೆ ಎದ್ದಿತು. ಒಂದರ ಹಿಂದೆ ಒಂದು. ಹಲಗೆ ಕಟಕಟ ಎಂದಿತು. ಅವನು ಕೈ ತೆಗೆದ. ನೀರು ನಿಂತಿತು. ಮತ್ತೆ ಇಟ್ಟ, ಮತ್ತೆ ಎದ್ದಿತು. ಮೂರನೆಯ ಸಲ ಅವನು ಅಂಗೈ ಇಡಲಿಲ್ಲ, ಒಂದೇ ಬೆರಳು ತಾಗಿಸಿದ. ಸಾಕಾಯಿತು. ಮುದಕಪ್ಪನ ಬಾಯಿಂದ ಬೀಡಿ ಬಿತ್ತು. ನಾನು ಹಾರಿ ನೀರಿಗಿಳಿದು ಅವನ ಪಕ್ಕದಲ್ಲೇ ನಿಂತು ನನ್ನ ಎರಡೂ ಕೈ ಊರಿ ಮೈಭಾರವನ್ನೆಲ್ಲ ಅಂಚಿನ ಮೇಲೆ ಹಾಕಿದೆ. ಏನೂ ಆಗಲಿಲ್ಲ. ಹನ್ನೊಂದು ಗಂಟೆಯ ಬಿಸಿಲು, ಸುತ್ತ ಬಟಾಬಯಲು. ನನ್ನ ಕತ್ತಿನ ಹಿಂದೆ ತಣ್ಣಗೆ ಬೆವರು ಇಳಿಯಿತು. ಅದನ್ನು ಅಂಜಿಕೆ ಎಂದು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಹಿಡಿದವು.

ದ್ಯಾಮಣ್ಣ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಮಿಸ್ತ್ರಿ, ನನ್ನ ಮ್ಯಾಗ ಏನರ ಐತೇನ್ರಿ?" ಎಂದು ಕೇಳಿದ. ಚಿಕ್ಕ ಮಕ್ಕಳು ಡಾಕ್ಟರನ್ನು ಕೇಳುವ ಹಾಗೆ ಕೇಳಿದ.

"ಏನಿರತೈತಿ? ಹುಚ್ಚರಂಗ ಮಾತಾಡಬ್ಯಾಡ್ರಿ" ಎಂದು ರೇಗಿಬಿಟ್ಟೆ. ಸಿಟ್ಟು ಅವನ ಮೇಲಿನದಲ್ಲ.

ಸಾಹೇಬರು ನಾಲ್ಕು ಗಂಟೆಗೆ ಬಂದರು. ಅವರಿಗಿಂತ ಸ್ವಲ್ಪ ಮೊದಲು ದ್ಯಾಮಣ್ಣ ನನ್ನನ್ನು ಬಾಜುವಿಗೆ ಕರೆದು ಕೈಮುಗಿದ. "ಮಿಸ್ತ್ರಿ, ನಾ ಕೂತ್ರ ನಡಗತೈತಿ ಅಂತ ಮಾತ್ರ ಬರೀಬ್ಯಾಡ್ರಿ. ಹನ್ನೆರಡು ವರ್ಷ ದುಡದೀನ್ರಿ. ಹಂಗ ಬರದ್ರ ಸಾಹೇಬ್ರು ನನ್ನ ದಂಡಿಗೆ ಬರಗೊಡೂದಿಲ್ಲ, ಊರಾಗ ಮಂದಿ ಮನಿಗೂ ಕರಿಯೂದಿಲ್ಲ. ಕಪ್ಲಿಂಗ್ ಸಡ್ಲ ಆಗಿತ್ತು, ಬಿಗಿ ಮಾಡೀನಿ ಅಂತ ಬರದು ಬಿಡ್ರಿ. ನಾ ಸಾವಕಾಶ ನಡಸತೀನಿ."

ನಾನು ಏನು ಬರೆಯಬಹುದಿತ್ತು? ದೋಷ ಸಿಗಲಿಲ್ಲ ಎಂದು ಬರೆಯಬಹುದಿತ್ತು. ಅದು ಸತ್ಯ. ಆದರೆ ಕಲಘಟಗಿಯ ಮಿಸ್ತ್ರಿಗೆ ದೋಷ ಸಿಗಲಿಲ್ಲ ಎಂಬ ಮಾತು ನನ್ನ ಸಹಿಯ ಮೇಲೆ ಇರುವುದು ನನಗೂ ಬೇಕಿರಲಿಲ್ಲ. ಉಸುಕಿನ ಚೀಲದೊಂದಿಗೆ ಬೋಟು ನೆಟ್ಟಗೆ ಓಡಿದೆ, ಅಂದರೆ ಯಂತ್ರ ಸರಿ ಇದೆ, ಯಂತ್ರ ಸರಿ ಇದ್ದ ಮೇಲೆ ಅಪಾಯವೆಲ್ಲಿ ಎಂದು ನನಗೆ ನಾನೇ ಹೇಳಿಕೊಂಡೆ. ಪುಸ್ತಕ ತೆಗೆದುಕೊಂಡು ಬರೆದೆ: "ಕಪ್ಲಿಂಗ್ ಸಡಿಲವಾಗಿತ್ತು. ಬಿಗಿ ಮಾಡಲಾಗಿದೆ. ಶಾಫ್ಟಿನ ನಡುಕ ಪೂರ್ಣ ನಿಂತಿದೆ. ಬೋಟು ಓಡಿಸಲು ಯೋಗ್ಯ." ಕೆಳಗೆ ಸಹಿ ಹಾಕಿದೆ. ಸಾಹೇಬರ ಎದುರು ಒಂದು ಸುತ್ತು ಹೊಡೆಯುವಾಗ ಚುಕ್ಕಾಣಿ ನನ್ನ ಕೈಯಲ್ಲಿತ್ತು, ದ್ಯಾಮಣ್ಣ ಏನೋ ನೆಪ ಹೇಳಿ ದಂಡೆಯ ಮೇಲೆಯೇ ಉಳಿದ. ಸಾಹೇಬರಿಗೆ ಸಂತೋಷವಾಯಿತು. ಅವನ ಬೆನ್ನು ತಟ್ಟಿ "ನಿನ್ನ ಕಾಗದ ಸೋಮವಾರ ಕಳಸತೀನಿ ತಗೋ" ಎಂದರು.

ಸೀಗಿ ಹುಣ್ಣಿಮೆಯ ದಿನ ನಾನು ಮನೆಯಲ್ಲೇ ಇದ್ದೆ. ಮುಂದಿನದನ್ನು ನಾನು ಕಂಡಿಲ್ಲ. ಮುದಕಪ್ಪ ಮತ್ತು ದಂಡೆಯ ಮೇಲಿದ್ದ ಹತ್ತಾರು ಮಂದಿ ಹೇಳಿದ್ದನ್ನು ಕೂಡಿಸಿ ಹೇಳುತ್ತಿದ್ದೇನೆ. ಅವರ ಮಾತಿನಲ್ಲಿ ಒಂದಕ್ಕೊಂದು ವ್ಯತ್ಯಾಸ ಇರಲಿಲ್ಲ.

ಬೆಳಗಿನಿಂದ ದ್ಯಾಮಣ್ಣ ಮೂರು ಸಲ ಮಂದಿಯನ್ನು ಆಚೆ ದಂಡೆಗೆ ದಾಟಿಸಿದ. ಹತ್ತಿದವರನ್ನೆಲ್ಲ ನಾನು ಆಮೇಲೆ ಹುಡುಕಿ ಹುಡುಕಿ ಕೇಳಿದೆ. ಬೋಟು ನಡುಗಲೇ ಇಲ್ಲ ಎಂದರು. ಒಬ್ಬ ಮುದುಕಿಯ ತೊಡೆಯ ಮೇಲೆ ಅಂಚಿನ ತನಕ ಮಜ್ಜಿಗೆ ತುಂಬಿದ ಗಡಿಗೆ ಇತ್ತಂತೆ, ಒಂದು ಹನಿ ಚೆಲ್ಲಿರಲಿಲ್ಲ. ಮೂರನೆಯ ಸಲ ಅವರನ್ನು ಇಳಿಸಿ, ಖಾಲಿ ಬೋಟು ತಿರುಗಿಸಿಕೊಂಡು ಒಬ್ಬನೇ ಹೊರಟ. ಈಚೆ ದಂಡೆಯ ಬಳಿ ಅವನದೇ ಒಂದು ತುಂಡು ಹೊಲವಿತ್ತು. ಅಲ್ಲಿ ಅವನ ಹೆಂಡತಿ ನಿಂಗವ್ವ ಮಕ್ಕಳನ್ನು ಕೂಡಿಸಿಕೊಂಡು, ಐದು ಕಲ್ಲು ಇಟ್ಟು ಪೂಜೆ ಮಾಡಿ, ಎಡೆ ಹಾಕಿ ಚರಗ ಚೆಲ್ಲಲು ಅವನ ದಾರಿ ಕಾಯುತ್ತಿದ್ದಳು. ನೆತ್ತಿಯ ಮೇಲೆ ಸೂರ್ಯ. ಗಾಳಿ ಇರಲಿಲ್ಲ. ಎರಡೂ ದಂಡೆಯಲ್ಲಿ ಜನ ಇದ್ದರು.

ಬೋಟು ನೆಟ್ಟಗೆ, ನಿಧಾನವಾಗಿ, ಎಂದಿನ ದಾರಿಯಲ್ಲೇ ಬಂದು ಕೆಸರಿಗೆ ಮೂತಿ ತಾಗಿಸಿ ನಿಂತಿತು. ಇಂಜಿನ್ ಓಡುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಚುಕ್ಕಾಣಿಯ ಹತ್ತಿರ ಅವನ ಚಪ್ಪಲಿಗಳು ಒಂದರ ಪಕ್ಕ ಒಂದು ಇದ್ದವು. ಕೂಗು ಕೇಳಿದವರಿಲ್ಲ, ಬಿದ್ದದ್ದನ್ನು ಕಂಡವರಿಲ್ಲ. ಆಚೆಯವರು ಅವನ ಬೆನ್ನು ನೋಡುತ್ತಿದ್ದರಂತೆ, ಈಚೆಯವರು ಅವನ ಮುಖ ಕಾಣುವಷ್ಟು ಹತ್ತಿರ ಬರಲಿ ಎಂದು ಕಾಯುತ್ತಿದ್ದರಂತೆ. ನಡುವೆ ಯಾವ ಹೊತ್ತಿನಲ್ಲಿ ಅವನು ಇಲ್ಲವಾದ ಎಂದು ಇಬ್ಬರಿಗೂ ಹೇಳಲಾಗಲಿಲ್ಲ. ಹೆಣ ಮರುದಿನ ಬೆಳಿಗ್ಗೆ ಸಿಕ್ಕಿತು. ಮೈಮೇಲೆ ಒಂದು ಗೀರು ಇರಲಿಲ್ಲ. ಹುಟ್ಟಿದಾಗಿನಿಂದ ಆ ನೀರಿನಲ್ಲಿ ಈಜಿದ ಮನುಷ್ಯ.

ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ನನ್ನನ್ನು ಕರೆಸಿ, ಬೋಟನ್ನು ಅವರೆದುರಿಗೇ ಬಿಚ್ಚಿಸಿದರು. ಶಾಫ್ಟು, ಬೇರಿಂಗು, ಕೊಳವೆ, ಫ್ಯಾನು ಒಂದೊಂದನ್ನೂ ಹೊರಗೆ ತೆಗೆದು ದಂಡೆಯ ಮೇಲೆ ಸಾಲಾಗಿ ಇಟ್ಟೆ. ದೇವರಾಣೆ, ಏನಾದರೂ ಒಂದು ಬಿರುಕು, ಒಂದು ಸವೆತ, ಒಂದು ಸುತ್ತು ಬಲೆಯ ದಾರ ಸಿಗಲಿ ಎಂದು ಬೇಡಿಕೊಂಡು ಬಿಚ್ಚಿದೆ. ಸಿಕ್ಕರೆ ತಪ್ಪು ನನ್ನದಾಗುತ್ತಿತ್ತು. ಆದರೂ ಸಿಗಲಿ ಎಂದು ಬೇಡಿದೆ. ಎಲ್ಲವೂ ಹೊಸದರಂತೆ ಹೊಳೆಯುತ್ತಿತ್ತು.

ಅಧಿಕಾರಿ ಪುಸ್ತಕ ತೆಗೆಸಿ ನಾನು ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. "ಶಾಫ್ಟಿನ ನಡುಕ ಪೂರ್ಣ ನಿಂತಿದೆ. ಬೋಟು ಓಡಿಸಲು ಯೋಗ್ಯ. ಇದು ನಿಮ್ಮ ಸಹಿ ಏನ್ರಿ?" ಎಂದು ಕೇಳಿದರು. ಹೌದು ಎಂದೆ. "ಅಂದ್ರ ಬೋಟ್ ಸರಿ ಇತ್ತು. ಹಬ್ಬದ ದಿನ, ಕುಡದು ಬಿದ್ದಾನ" ಎಂದು ಅವರು ಬರೆದುಕೊಂಡರು. ದ್ಯಾಮಣ್ಣ ಬೀಡಿಯನ್ನೂ ಸೇದುತ್ತಿರಲಿಲ್ಲ. ಮುದಕಪ್ಪ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಸಹಿ ಹಾಕುವಾಗ ನಡುಕ ನಿಂತಿರಲಿಲ್ಲ ಎಂದು ನಾನು ಅಲ್ಲಿ ಬಾಯಿಬಿಟ್ಟಿದ್ದರೆ ಅವನ ಮೇಲಿನ ಆ ಮಾತು ಹೋಗುತ್ತಿತ್ತು. ಆದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಯಾಕೆ ನಿಂತಿರಲಿಲ್ಲ ಎಂದು. ಅದಕ್ಕೆ ನನ್ನ ಹತ್ತಿರ ಇದ್ದ ಉತ್ತರವನ್ನು ಸಹಿ ಮಾಡಿದ ಮೇಲೆ ಹೇಳುವ ಎದೆಗಾರಿಕೆ ನನಗಿರಲಿಲ್ಲ. ಅವನ ಹೆಸರು ಉಳಿಸಲೆಂದು ಬರೆದ ಸುಳ್ಳೇ ಅವನ ಹೆಸರಿಗೆ ಮಸಿ ಬಳಿಯಿತು.

ಅಂದಿನಿಂದ ನಾನು ಲೆಕ್ಕವಿಲ್ಲದಷ್ಟು ಸಲ ಎಲ್ಲವನ್ನೂ ಮನಸ್ಸಿನಲ್ಲೇ ಬಿಚ್ಚಿ ಜೋಡಿಸಿದ್ದೇನೆ. ಓದಿದವರನ್ನು ಕೇಳಿದ್ದೇನೆ. ಒಬ್ಬ ಪ್ರೊಫೆಸರರು ಅನುರಣನ, ಅಂದರೆ ಎರಡು ನಡುಕಗಳ ತಾಳ ಕೂಡಿ ಒಂದು ದೊಡ್ಡದಾಗುವುದು, ಎಂದು ಏನೋ ವಿವರಿಸಿದರು. ಹಾಗಾದರೆ ಅದೇ ತೂಕದ ಚೀಲಕ್ಕೆ ಯಾಕಿಲ್ಲ, ಒಂದು ಬೆರಳಿಗೆ ಯಾಕೆ ಎಂದಾಗ ಅವರು ನನ್ನ ಕಣ್ಣು ಮೋಸಹೋಗಿರಬೇಕು ಎಂದರು. ಮುದಕಪ್ಪನ ಕಣ್ಣೂ ಮೋಸಹೋಯಿತೇ? ನನ್ನ ಕೈಗೆ ಸಿಗದ ದೋಷವೊಂದು ಆ ಬೋಟಿನಲ್ಲಿತ್ತು ಎಂದಾದರೆ ಒಬ್ಬ ಮನುಷ್ಯನ ಸಾವು ನನ್ನ ತಲೆಯ ಮೇಲಿದೆ. ಇರಲಿಲ್ಲ ಎಂದಾದರೆ, ಆ ಬೋಟು ಒಂದು ವಾರ ಅವನನ್ನು ಹತ್ತಗೊಡಲು ಒಪ್ಪದೆ, ಹುಣ್ಣಿಮೆಯ ದಿನ ಯಾಕೋ ಸುಮ್ಮನಾಯಿತು ಎಂದು ನಂಬಬೇಕಾಗುತ್ತದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ. ಎರಡರಲ್ಲಿ ಯಾವುದನ್ನೂ ನಾನು ನುಂಗಲಾರೆ, ಉಗುಳಲಾರೆ.

ದೀಪಾವಳಿ ಕಳೆದ ಮೇಲೆ ನಿಂಗವ್ವ ನನ್ನ ಗ್ಯಾರೇಜಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಬಾಗಿಲ ಹೊರಗೇ ಸೆರಗು ಹೊದ್ದು ನಿಂತಳು.

"ಅಣ್ಣಾರ, ಅವರು ಎರಡು ದಿನ ನೆಟ್ಟಗ ಉಂಡಿದ್ದಿಲ್ರಿ. ಹುಣ್ಣಿವಿ ಹಿಂದಿನ ರಾತ್ರಿ ಪೂರಾ, ನಾ ಕೈ ಹಚ್ಚಿದ್ರ ನಡಗತೈತಿ ಅಂತ ಕೈ ನೋಡ್ಕೋತ ಕುಂತಿದ್ರು. ಹುಣ್ಣಿವಿ ದಿನ ಹೋಗಬ್ಯಾಡ್ರಿ ಅಂತ ನಾ ಕಾಲು ಹಿಡದೆ. ಮಿಸ್ತ್ರಿ ಸಹಿ ಹಾಕ್ಯಾನ ಹುಚ್ಚಿ, ಏನೂ ಆಗೂದಿಲ್ಲ ಅಂತ ಅಂದು ಹೋದ್ರು."

ನಾನು ಕೈಯ ಗ್ರೀಸನ್ನು ಅರಿವೆಗೆ ಒರೆಸಿಕೊಂಡೆ. ಅವಳು ಮುಂದುವರಿಸಿದಳು.

"ಮಂದಿ ಕುಡದು ಬಿದ್ದಾರ ಅಂತಾರ್ರಿ. ನಮ್ಮ ಹುಡಗೂರು ಸಾಲ್ಯಾಗ ಕೇಳಸ್ಕೊಂಡು ಬರತಾವು. ನೀವು ಒಂದು ಮಾತು ಖರೇ ಹೇಳ್ರಿ. ನೀವು ಸಹಿ ಹಾಕೂಮುಂದ ಆ ನಡಕ ನಿಂತಿತ್ತೇನ್ರಿ?"

"ನಿಂತಿತ್ತು ತಂಗೀ" ಎಂದೆ.

ಅವಳು ತಲೆಯಾಡಿಸಿ, "ಹಂಗಾರ ಅವರದ ತಪ್ಪು" ಎಂದು ಹೇಳಿ ಬಸ್ಸಿನ ಕಡೆ ನಡೆದಳು. ಕೂಗಿ ಕರೆಯಬೇಕೆಂದು ಬಾಗಿಲ ತನಕ ಬಂದೆ. ಕರೆಯಲಿಲ್ಲ. ನಿಂತಿರಲಿಲ್ಲ ಎಂಬ ಆ ಒಂದು ಮಾತನ್ನು ಇಷ್ಟು ವರ್ಷದ ಮೇಲೆ ಈಗ ಇಲ್ಲಿ ಬರೆಯುತ್ತಿದ್ದೇನೆ. ನಿಂಗವ್ವ ಇನ್ನೂ ಇದ್ದಾಳೆ, ಅದೇ ಊರಿನಲ್ಲಿದ್ದಾಳೆ. ಆದರೆ ಅವಳಿಗೆ ಓದಲು ಬರುವುದಿಲ್ಲ, ಅದು ಗೊತ್ತಿದ್ದೇ ನಾನು ಬರೆದಿದ್ದೇನೆ.